ಹೆರಿಗೆಯ ಹೊತ್ತಿನಲ್ಲಿ ದೇಹದ ನಿಲುವು

ಮನೆಯಲ್ಲಿ ಮಗಳಿಗೋ ಸೊಸೆಗೋ ಬೇನೆ ಕಾಣಿಸಿಕೊಂಡಿತೆಂದರೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ‘ಸುಮ್ಮನೆ ಮಲಗಮ್ಮ’ ಎಂಬುದು. ಅಕ್ಕರೆಯ ಮಾತೇನೋ ನಿಜ; ಹಿತದ ಮಾತೂ ಹೌದೇ? ಶರೀರಶಾಸ್ತ್ರವು ಇದಕ್ಕೆ ಏನು ಹೇಳುತ್ತದೆಂಬುದನ್ನು ತಾವು ತಿಳಿದಿರುವುದು ಒಳ್ಳೆಯದು.

ತುಂಬಿದ ಬಸುರಿ ಅಂಗಾತ ಮಲಗಿದಾಗ ಗರ್ಭಕೋಶದ ಭಾರವು ಬೆನ್ನುಮೂಳೆಯ ಕಡೆಗೆ ಬೀಳುತ್ತದೆ. ಕಾಲುಗಳ ಕಡೆಯಿಂದ ಹೃದಯಕ್ಕೆ ರಕ್ತವನ್ನೊಯ್ಯುವ ಮಹಾಸಿರೆಯು ಅಲ್ಲಿಯೇ, ಬೆನ್ನುಮೂಳೆಯ ಬಲಕ್ಕೆ ಆತುಕೊಂಡಿದೆ. ಅದು ಅದುಮಿಹೋದರೆ ಹೃದಯಕ್ಕೆ ಮರಳುವ ರಕ್ತ ಕಡಮೆಯಾಗುತ್ತದೆ; ಕೆಲವರಿಗೆ ರಕ್ತದೊತ್ತಡವಿಳಿದು ತಲೆ ಸುತ್ತುತ್ತದೆ; ಮಾಸಿನ ಮೂಲಕ ಕೂಸಿಗೆ ಸಲ್ಲುವ ಪ್ರಾಣವಾಯುವೂ ಕುಗ್ಗಬಹುದು. ಎಡಮಗ್ಗುಲಿಗೆ ಹೊರಳಿದರೆ ಒತ್ತಡ ತಗ್ಗುತ್ತದೆ.

ಇನ್ನು ಮೂಳೆಗಳ ವಿಷಯ. ಶ್ರೋಣಿಯೆಂಬ ಸೊಂಟದ ಮೂಳೆಕಟ್ಟು ಕಬ್ಬಿಣದ ಬಳೆಯಲ್ಲ. ಬಸಿರಿನಲ್ಲಿ ಅದರ ಸಂದುಗಳು ಸಡಿಲಗೊಳ್ಳುತ್ತವೆ. ಹಿಂಬದಿಯ ತ್ರಿಕಾಸ್ಥಿಯೂ ಅದರ ತುದಿಯ ಬಾಲಮೂಳೆಯೂ ಕೊಂಚ ಹಿಂದಕ್ಕೆ ಸರಿಯಬಲ್ಲವು. ಅಂಗಾತ ಮಲಗಿದಾಗ ಹಾಸಿಗೆಯೇ ಅವನ್ನು ಒತ್ತಿಹಿಡಿಯುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತಾಗ, ಮಂಡಿಯೂರಿ ಕೈಗಳ ಮೇಲೆ ಬಾಗಿದಾಗ ಆ ಅಡ್ಡಿಯಿಲ್ಲ. ಕೂಸಿನ ದಾರಿ ಅಗಲವಾಗಲು ಎಡೆಯಿರುತ್ತದೆ. ನಿಂತಾಗ, ನಡೆದಾಗ ಭೂಮಿಯ ಆಕರ್ಷಣೆಯೂ ನೆರವಾಗುತ್ತದೆ.

ಹಾಗಾದರೆ ಮಲಗಿಯೇ ಹೆರಬೇಕೆಂಬ ರೂಢಿ ಎಲ್ಲಿಂದ ಬಂತು? ಫ್ರಾನ್ಸಿನ ಪ್ರಸವವೈದ್ಯ ಫ್ರಾನ್ಸ್ವಾ ಮೊರಿಸೋ 1668ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೆರಿಗೆಗೆ ಹಾಸಿಗೆಯೇ ಲೇಸೆಂದು ಹೇಳಿದ. ಪರೀಕ್ಷಿಸುವವರಿಗೂ ಇಕ್ಕಳ ಹಿಡಿಯುವವರಿಗೂ ಅದು ಅನುಕೂಲವಾಯಿತು. ಕಾಲಕ್ರಮದಲ್ಲಿ ಅನುಕೂಲವೇ ನಿಯಮವೆನಿಸಿತು.

ಕಾಕ್ರೇನ್ ಸಂಸ್ಥೆಯವರು 2013ರಲ್ಲಿ 25 ಅಧ್ಯಯನಗಳನ್ನೂ ಅವುಗಳಲ್ಲಿದ್ದ 5,218 ಮಂದಿ ತಾಯಂದಿರ ವಿವರಗಳನ್ನೂ ಪರಿಶೀಲಿಸಿದರು. ಬೇನೆಯ ಮೊದಲ ಘಟ್ಟದಲ್ಲಿ ನಿಂತು, ಕುಳಿತು, ನಡೆದಾಡಿದವರಿಗೆ ಆ ಘಟ್ಟವು ಸರಾಸರಿ 1 ಗಂಟೆ 22 ನಿಮಿಷ ಬೇಗ ಮುಗಿದಿತ್ತು. ಶಸ್ತ್ರಕ್ರಿಯೆಯ ಹೆರಿಗೆಗಳೂ ಕಡಮೆಯಾಗಿದ್ದುವು.

ಆದರೆ ಒಂದೇ ಸೂತ್ರ ಎಲ್ಲರಿಗೂ ಸಲ್ಲದು. ಕೂಸು ಹೊರಬರುವಾಗ ನೆಟ್ಟಗಿದ್ದವರಿಗೆ ರಕ್ತಸ್ರಾವ ತುಸು ಹೆಚ್ಚಾಗುವ ಸಂಭವವುಂಟು. ಬೆನ್ನಿಗೆ ನೋವುನಿವಾರಕ ಮದ್ದನ್ನು ಕೊಟ್ಟ ಚೊಚ್ಚಲ ತಾಯಂದಿರ ಬಗ್ಗೆ 2017ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಪರೀಕ್ಷೆಯಲ್ಲಿ, ಕೊನೆಯ ಘಟ್ಟದಲ್ಲಿ ಮಗ್ಗುಲಾಗಿ ಮಲಗಿದವರಿಗೇ ಸಹಜ ಹೆರಿಗೆ ಹೆಚ್ಚಾಗಿ ಆಯಿತು. ರಕ್ತ ಹೋಗುತ್ತಿದ್ದರೆ, ಕೂಸಿನ ಎದೆಬಡಿತ ಏರುಪೇರಾದರೆ, ವೈದ್ಯರ ಮಾತೇ ಪ್ರಮಾಣ.

ಅಪಾಯದ ಲಕ್ಷಣಗಳಿಲ್ಲದ ತಾಯಿಗೆ ಓಡಾಡಲು ಉತ್ತೇಜನವಿರಲಿ, ಹೆರುವ ಭಂಗಿಯನ್ನು ಅವಳೇ ಆರಿಸಿಕೊಳ್ಳಲಿ, ಅವಳಿಗೆ ಬೇಕಾದವರೊಬ್ಬರು ಜೊತೆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆಯಿತ್ತಿದೆ. ಆದುದರಿಂದ ದಿನ ತುಂಬುವ ಮೊದಲೇ ಆಸ್ಪತ್ರೆಗೆ ಹೋಗಿ, ಅಲ್ಲಿ ಇದಕ್ಕೆಲ್ಲ ಅವಕಾಶವುಂಟೇ ಎಂದು ಕೇಳಿಕೊಳ್ಳಿರಿ. ಬೇನೆ ತಿನ್ನುತ್ತಿರುವಾಗ ಆ ಹೆಣ್ಣುಮಗಳಿಗೆ ವಾದಿಸಲು ತ್ರಾಣವಿರುವುದಿಲ್ಲ. ಅವಳ ಪರವಾಗಿ ಮಾತಾಡಬೇಕಾದವರು ತಾವು. ಮುಂದಿನ ಸಲ ‘ಸುಮ್ಮನೆ ಮಲಗಮ್ಮ’ ಎನ್ನುವ ಬದಲು, ‘ನಿನಗೆ ಹೇಗೆ ಹಿತವೋ ಹಾಗಿರಮ್ಮ’ ಎಂದು ಒರಗಿಕೊಳ್ಳಲು ತಮ್ಮ ಹೆಗಲನ್ನು ಕೊಡಿರಿ.