ದವಡೆಯಿಲ್ಲದ ಮೀನು: ಇಲ್ಲಿ ಪೀಡೆ, ಅಲ್ಲಿ ಸಂರಕ್ಷಿತ



ಊರಿನಿಂದ ಬಂದ ಅಪ್ಪ-ಅಮ್ಮನನ್ನು ನಯಾಗರಕ್ಕೆ ಕರೆದೊಯ್ಯದ ಕನ್ನಡಿಗರು ನಮ್ಮ ಮಿಶಿಗನ್ನಿನಲ್ಲಿ ಸಿಗುವುದು ಕಷ್ಟ. ಅದೇ ಜಲಪಾತ ಬಹುಕಾಲ ಒಂದು ಮೀನನ್ನು ಮೇಲಿನ ಸರೋವರಗಳಿಗೆ ಹತ್ತಗೊಡದೆ ತಡೆದಿತ್ತು.

ಅದರ ಹೆಸರು ಸೀ ಲ್ಯಾಂಪ್ರೆ. ನೋಡಲು ಹಾವುಮೀನಿನಂತೆ ಉದ್ದ, ಆದರೆ ದವಡೆಯೇ ಇಲ್ಲ! ಎಲುಬೂ ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿ ಮಾತ್ರ. ದುಂಡಗಿನ ಬಾಯಿಯ ತುಂಬ ಮುಳ್ಳಿನಂಥ ಹಲ್ಲು. ಬೇರೆ ಮೀನಿಗೆ ಜಿಗಣೆಯಂತೆ ಅಂಟಿಕೊಂಡು, ಒರಟು ನಾಲಿಗೆಯಿಂದ ಚರ್ಮ ಕೊರೆದು ರಕ್ತ ಹೀರುತ್ತದೆ. ಡೈನೋಸಾರ್‌ಗಳಿಗಿಂತ ಹಳೆಯ ವಂಶ ಇದು; ಸುಮಾರು 36 ಕೋಟಿ ವರ್ಷ ಹಿಂದಿನ ಲ್ಯಾಂಪ್ರೆಯ ಪಳೆಯುಳಿಕೆ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕಿದೆ.

ಹಡಗುಗಳು ನಯಾಗರವನ್ನು ಬಳಸಿ ಹೋಗಲೆಂದು ಮನುಷ್ಯ ವೆಲ್ಯಾಂಡ್ ಕಾಲುವೆ ತೋಡಿದ. ಬಾಗಿಲು ತೆರೆದಂತಾಯಿತು. 1921ರಲ್ಲಿ ಈರಿ ಸರೋವರದಲ್ಲಿ ಕಾಣಿಸಿಕೊಂಡ ಲ್ಯಾಂಪ್ರೆ, 1930ರ ದಶಕ ಮುಗಿಯುವುದರೊಳಗೆ ಮಿಶಿಗನ್, ಹ್ಯೂರಾನ್, ಸುಪೀರಿಯರ್ ಎಲ್ಲವನ್ನೂ ಸೇರಿತು. ಅತಿಯಾದ ಮೀನುಗಾರಿಕೆಯಿಂದ ಮೊದಲೇ ಸೊರಗಿದ್ದ ಲೇಕ್ ಟ್ರೌಟ್ ಮೀನು ಹೆಚ್ಚಿನ ಕಡೆ ನಿರ್ನಾಮವಾಗುವ ಸ್ಥಿತಿಗೆ ಬಂತು.

ಇದನ್ನು ಹಿಡಿಯುವ ಉಪಾಯ ಸಿಕ್ಕಿದ್ದು ಅದರ ಬಾಲ್ಯದಲ್ಲಿ. ಮರಿಗಳು ಹಲವು ವರ್ಷ ತೊರೆಗಳ ಕೆಸರಿನಲ್ಲಿ ಹುದುಗಿ, ನೀರು ಸೋಸಿ ತಿಂದು ಬದುಕುತ್ತವೆ. ಆಗ ಕಣ್ಣೂ ಕಾಣದು, ರಕ್ತವೂ ಬೇಡ. ವಿಜ್ಞಾನಿಗಳು ಸಾವಿರಾರು ರಾಸಾಯನಿಕ ಪರೀಕ್ಷಿಸಿ, ಮಿಕ್ಕ ಹೆಚ್ಚಿನ ಮೀನುಗಳಿಗೆ ಅಷ್ಟು ತೊಂದರೆ ಕೊಡದ ಟಿಎಫ್ಎಂ ಎಂಬ ಔಷಧಿಯನ್ನು 1958ರಿಂದ ತೊರೆಗಳಿಗೆ ಬಿಡತೊಡಗಿದರು. ಲ್ಯಾಂಪ್ರೆ ಸಂಖ್ಯೆ ಶೇಕಡಾ 90ರಷ್ಟು ಇಳಿಯಿತು. 2020-21ರಲ್ಲಿ ಕೋವಿಡ್‌ನಿಂದ ಈ ಕೆಲಸ ಕುಂಟಿದ್ದೇ ತಡ, ಮತ್ತೆ ಏರಿತು!

ಒಂದು ತೊಡಕಿದೆ. ಇಲ್ಲಿಯದೇ ಆದ ನಾಲ್ಕು ಜಾತಿಯ ಪುಟ್ಟ ಲ್ಯಾಂಪ್ರೆಗಳೂ ಇವೆ. ಅವುಗಳಲ್ಲಿ ಎರಡು ರಕ್ತ ಹೀರುವುದೇ ಇಲ್ಲ. ಆದರೂ ಔಷಧಿ ಅವನ್ನೂ ಬಿಡುವುದಿಲ್ಲ. ನನಗೆ ಅತ್ಯಂತ ಬೇಸರವೆನಿಸುವುದು ಇದೇ. ಅತ್ತ ಬ್ರಿಟನ್ನಿನಲ್ಲಿ ಸೀ ಲ್ಯಾಂಪ್ರೆಯೇ ಸಂರಕ್ಷಿತ ಜೀವಿ. ರಾಜಮನೆತನಕ್ಕೆ ಲ್ಯಾಂಪ್ರೆ ಕಡುಬು ಕಳಿಸುವುದು ಗ್ಲಾಸ್ಟರ್ ಊರಿನ ಹಳೆಯ ಪದ್ಧತಿ. 2012ರಲ್ಲಿ ಎಲಿಜಬೆತ್ ರಾಣಿಯ ವಜ್ರಮಹೋತ್ಸವದ ಕಡುಬಿಗೆ ಮೀನು ಹೋದದ್ದು ನಮ್ಮ ಈ ಸರೋವರಗಳಿಂದ!

ಬೇಸಿಗೆಯಲ್ಲಿ ಮಕ್ಕಳು ಸರೋವರದಲ್ಲಿ ಈಜಲು ಹೆದರಬೇಕಿಲ್ಲ. ಇದಕ್ಕೆ ಬೇಕಾದದ್ದು ತಣ್ಣನೆಯ ಮೈಯ ಮೀನು. ಗಾಳ ಹಾಕುವವರಿಗೆ ಮಾತ್ರ ಒಂದು ಸೂಚನೆ: ಹಿಡಿದ ಮೀನಿಗೆ ಲ್ಯಾಂಪ್ರೆ ಅಂಟಿದ್ದರೆ ಅದರ ಬೆನ್ನು ನೋಡಿ. ಬೆನ್ನಿನ ಈಜುರೆಕ್ಕೆ ಎರಡಾಗಿದ್ದರೆ ಸೀ ಲ್ಯಾಂಪ್ರೆ, ನೀರಿಗೆ ವಾಪಸ್ ಬಿಡಬೇಡಿ. ಒಂದೇ ಉದ್ದನೆಯ ರೆಕ್ಕೆಯಿದ್ದರೆ ಅದು ಇಲ್ಲಿಯದೇ ಜೀವಿ, ದಯವಿಟ್ಟು ಬಿಟ್ಟುಬಿಡಿ.