ಗಿರಣಿ ಕಾರ್ಮಿಕನ ಮಗಳು ಗೀತಕ್ಕ

ಹುಲಗೂರಿನ ಖಾದರ ಶಾ ದರ್ಗಾಕ್ಕೆ ಹರಕೆ ಹೊತ್ತ ಮೇಲೆಯೇ ಶಿಶುನಾಳದಲ್ಲಿ ಶರೀಫ ಹುಟ್ಟಿದ ಎಂಬ ಪ್ರತೀತಿ ಈ ಸೀಮೆಯ ಸಣ್ಣ ಮಕ್ಕಳಿಗೂ ಗೊತ್ತು. ಸಾಲಿ ಮಾಸ್ತರನಾಗಿದ್ದವನು ಜನರ ಆಡುಮಾತನ್ನೇ ಎತ್ತಿಕೊಂಡು ಪದ ಕಟ್ಟಿದ ಎಂಬುದೂ ಗೊತ್ತು. ಆದರೆ ನಮ್ಮ ಕಾಲದಲ್ಲೇ, ಇದೇ ಉತ್ತರ ಕರ್ನಾಟಕದ ಇನ್ನೊಂದು ತುದಿಯಲ್ಲಿ, ಮತ್ತೊಬ್ಬ ಟೀಚರು ಅದೇ ಕೆಲಸವನ್ನು ಕಾದಂಬರಿಯಲ್ಲಿ ಮಾಡಿ ತೋರಿಸಿದರಲ್ಲ! ಗೀತಾ ನಾಗಭೂಷಣ. ಹುಲಗೂರಿನಲ್ಲಿ ಕೂತು ಅವರ ‘ಬದುಕು’ ಓದತೊಡಗಿದರೆ ಎದೆ ಡವಡವ ಅನ್ನುತ್ತದೆ. ಈ ಮಂದಿಯೆಲ್ಲ ನಮ್ಮ ಓಣಿಯಲ್ಲೇ ಇದ್ದಾರೆ, ಇಷ್ಟು ದಿನ ಪುಸ್ತಕದಲ್ಲಿ ಯಾಕೆ ಕಾಣಲಿಲ್ಲ?

ಗೀತಕ್ಕ ಹುಟ್ಟಿದ್ದು 1942ರ ಮಾರ್ಚ್ 25ರಂದು, ಕಲಬುರಗಿ ಬಳಿಯ ಸಾವಳಗಿಯಲ್ಲಿ. ಆಗಿನ್ನೂ ನಿಜಾಮನ ಆಳ್ವಿಕೆ, ಕಚೇರಿಯಲ್ಲೆಲ್ಲ ಉರ್ದು. ಅಪ್ಪ ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕ. ಹಿಂದುಳಿದ ಸಮುದಾಯ, ಕೈಯಿಂದ ಬಾಯಿಗೆ ಸಂಸಾರ. ಆ ಮನೆಯ ಹುಡುಗಿ ಮೆಟ್ರಿಕ್ ಮುಗಿಸಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗುತ್ತಾಳೆ, ನೌಕರಿ ಮಾಡುತ್ತಲೇ ಪದವಿಯ ಮೇಲೆ ಪದವಿ ಪಡೆಯುತ್ತಾಳೆ, ಆಮೇಲೆ ಕಲಬುರಗಿಯ ನಾಗರೇಶ್ವರ ವಿದ್ಯಾಸಂಸ್ಥೆಯಲ್ಲಿ ಸುಮಾರು ಮೂರು ದಶಕ ಪಾಠ ಹೇಳುತ್ತಾಳೆ. ಇಷ್ಟರ ನಡುವೆ ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ! ಮೊದಲನೆಯದು 1968ರ ‘ತಾವರೆಯ ಹೂವು’. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ‘ಹೆಣ್ಣಿನ ಕೂಗು’ ಎಂಬ ಸಿನಿಮಾನೂ ಆಯಿತು.

ಅವರು ಬರೆದದ್ದು ಯಾರ ಬಗ್ಗೆ? ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ನೆನೆಸಿಕೊಳ್ಳಿ. ಘಾಟು ತಡೆಯಲು ಮೂಗಿಗೆ ಸೆರಗು ಕಟ್ಟಿರುತ್ತಾರೆ, ಬೆರಳು ಉರಿಯುತ್ತಿರುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ಗಂಡನ ಕುಡಿತ, ಸಂಘದ ಸಾಲದ ಕಂತು, ಮಗಳ ಬಾಣಂತನ, ನಡುವೆ ಒಂದು ಪೋಲಿ ಮಾತು, ಹೊಟ್ಟೆ ಹುಣ್ಣಾಗುವಂಥ ನಗು. ಇಂಥ ಹೆಂಗಸರ ಕಲಬುರಗಿ ಅಕ್ಕತಂಗಿಯರನ್ನು ಗೀತಕ್ಕ ಅವರವರ ಬೈಗುಳದ ಸಮೇತ ಕಾದಂಬರಿಯ ನಡುಮನೆಗೆ ಕರೆತಂದು ಕೂರಿಸಿದರು. ದೇವರ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರೂ ಅಲ್ಲಿದ್ದಾರೆ. ಅವರನ್ನು ಕಂಡು ಮರುಗಿ ಸುಮ್ಮನಾಗುವ ಬರಹವಲ್ಲ ಇದು, ಕಟ್ಟಿಸಿದವರ ಕೊರಳಪಟ್ಟಿ ಹಿಡಿಯುವ ಬರಹ. ಬಂಡಾಯ ಸಾಹಿತ್ಯ ಚಳವಳಿಯ ಗಟ್ಟಿ ದನಿ ಎಂದು ಅವರನ್ನು ಕರೆಯುವುದು ಸುಮ್ಮನೆ ಅಲ್ಲ.

ಇಲ್ಲೊಂದು ಬೆರಗು ನೋಡಿ! ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್ ಅಪ್ಪನೂ ಕಾರ್ಮಿಕ, ಹಡಗುಕಟ್ಟೆಯಲ್ಲಿ ವೆಲ್ಡರ್. ಮಾರಿಸನ್ ಕೂಡ ಟೀಚರು. ಮೊದಲ ಕಾದಂಬರಿ ಬಂದದ್ದು 1970ರಲ್ಲಿ, ಅಂದರೆ ನಮ್ಮ ಗೀತಕ್ಕನದಕ್ಕಿಂತ ಎರಡು ವರ್ಷ ತಡವಾಗಿ. 1993ರಲ್ಲಿ ನೊಬೆಲ್ ಪಡೆದ ಮೊದಲ ಕಪ್ಪು ಮಹಿಳೆಯಾದರು. ನಮ್ಮ ಕಡೆ ನೋಡಿದರೆ, ಕನ್ನಡದಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಶುರುವಾದದ್ದು 1955ರಲ್ಲಿ, ಕುವೆಂಪು ಅವರಿಂದ. ಒಬ್ಬ ಹೆಣ್ಣುಮಗಳ ಕೈಗೆ ಅದು ಮೊದಲ ಸಲ ಬಂದದ್ದು 2004ರಲ್ಲಿ, ಗೀತಕ್ಕನ ‘ಬದುಕು’ ಕಾದಂಬರಿಗೆ. ಸುಮಾರು ಅರ್ಧ ಶತಮಾನ! ತ್ರಿವೇಣಿ, ಅನುಪಮಾ ನಿರಂಜನರಂಥ ಕಾದಂಬರಿಗಾರ್ತಿಯರು ಬರೆದುಹೋದ ಭಾಷೆಯಲ್ಲಿ ಇಷ್ಟು ತಡವಾದದ್ದು ನನಗೆ ಇಂದಿಗೂ ಸಂಕಟ.

ಮಾರಿಸನ್ 2019ರ ಆಗಸ್ಟ್‌ನಲ್ಲಿ ಹೋದರು, ಗೀತಕ್ಕ 2020ರ ಜೂನ್ 28ರಂದು.

ಅದಕ್ಕೂ ಹತ್ತು ವರ್ಷ ಮೊದಲು, 2010ರ ಫೆಬ್ರುವರಿಯಲ್ಲಿ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಗದಗದಲ್ಲಿ. ಹುಲಗೂರಿನಿಂದ ಲಕ್ಷ್ಮೇಶ್ವರ ದಾಟಿದರೆ ಆಯಿತು, ಅಷ್ಟೇ ದೂರ. ಅಧ್ಯಕ್ಷತೆ ಮಿಲ್ ಕಾರ್ಮಿಕನ ಈ ಮಗಳದು! ಜಯದೇವಿತಾಯಿ ಲಿಗಾಡೆ, ಶಾಂತಾದೇವಿ ಮಾಳವಾಡ, ಕಮಲಾ ಹಂಪನಾ ಆದ ಮೇಲೆ ಆ ಪೀಠ ಏರಿದ ನಾಲ್ಕನೇ ಹೆಣ್ಣು. ನಮ್ಮ ಬಾಗಿಲಿಗೇ ಬಂದು ಹೋಗಿದ್ದಾರೆ ಅವರು.

‘ಬದುಕು’ ದಪ್ಪ ಪುಸ್ತಕ, ಹೆದರಬೇಡಿ. ಓದು ಬಾರದ ಅವ್ವನನ್ನೋ ಅತ್ತಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ನಾಲ್ಕು ಪುಟ ಆಗುವುದರೊಳಗೆ ಮುಂದೇನಾಯಿತೆಂದು ಅವರೇ ಕೇಳುತ್ತಾರೆ.