ಗದ್ದಲದೊಳಗಿನ ಜವಾರಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳು ಹೆವಿ ಮೆಟಲ್ ಹಚ್ಚಿದರೆ ಹಿರಿಯರು ಗದ್ದಲವೆಂದು ಮುಖ ಸಿಂಡರಿಸುವುದುಂಟು. ಆ ಗದ್ದಲ ಹುಟ್ಟುವ ಬಗೆಯನ್ನಾದರೂ ಅರಿತು ತೀರ್ಪು ಕೊಡುವುದು ಲೇಸೆಂದು ನಮಗೆ ತೋರುತ್ತದೆ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡವು ತನ್ನ ‘ಮಾಸ್ಟರ್ ಆಫ್ ಪಪೆಟ್ಸ್’ ಮುದ್ರಿಕೆಯನ್ನು 1986ರಲ್ಲಿ ಹೊರತಂದಿತು. ಅದರ ಧ್ವನಿಮುದ್ರಣ ನಡೆದುದು 1985ರ ಕೊನೆಯ ತಿಂಗಳುಗಳಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ. ಗಿಟಾರಿನ ಕ್ಷೀಣ ವಿದ್ಯುತ್ ಸಂಕೇತವನ್ನು ಮೊದಲು ಮೆಸಾ ಬೂಗಿ ವರ್ಧಕದಲ್ಲಿ ಹದಗೊಳಿಸಿ, ಬಳಿಕ ಮಾರ್ಷಲ್ ವರ್ಧಕದಿಂದ ಬಲಪಡಿಸಿದರು. ಎರಡರಲ್ಲಿಯೂ ಇದ್ದುವು ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಬೆಳಗುತ್ತಿದ್ದಂತಹ ಗಾಜಿನ ವಾಲ್ವುಗಳು. ವಾಲ್ವಿಗೆ ಶಕ್ತಿ ಮೀರಿ ಸಂಕೇತ ಉಣಿಸಿದರೆ ಅಲೆಯ ನೆತ್ತಿ ಚಪ್ಪಟೆಯಾಗಿ, ಮೂಲಸ್ವರದ ಮೇಲೆ ಹೊಸ ಉಪಸ್ವರಗಳು ಏಳುತ್ತವೆ. ರೇಡಿಯೋ ದುರಸ್ತಿಯವನಿಗೆ ಇದು ದೋಷ. ಗಿಟಾರು ನುಡಿಸುವವನಿಗೆ ಇದೇ ಬೇಕು.

ನೆರೆಯ ಮಿರಜಿನ ತಂಬೂರಿ ಕುಶಲಿಗಳೂ ಕುದುರೆಯ ಮೈ ಉಜ್ಜಿ, ತಂತಿಯಡಿ ನೂಲಿರಿಸಿ, ನಾದ ಝೇಂಕರಿಸುವಂತೆ ಮಾಡುತ್ತಾರಲ್ಲವೇ? ಅದಕ್ಕೆ ಜವಾರಿಯೆಂದು ಹೆಸರು. (ಜವಾರಿ ಬದನೆಯದಲ್ಲ!) ಆ ಝೇಂಕಾರವಿಲ್ಲದ ತಂಬೂರಿಯನ್ನು ಯಾವ ಗಾಯಕನೂ ಮುಟ್ಟಲಾರ.

ಮಗನು ಈ ಮುದ್ರಿಕೆ ಹಚ್ಚಿದಾಗ ‘ಬಂದ್ ಮಾಡು’ ಎನ್ನುವ ಮುನ್ನ ಮೊದಲ ಹಾಡು ‘ಬ್ಯಾಟರಿ’ಯ ಆರಂಭವನ್ನು ಕೇಳಿರಿ. ವರ್ಧಕದ ಹಂಗಿಲ್ಲದ ಗಿಟಾರುಗಳು ಮೆಲ್ಲಗೆ ನುಡಿಯುತ್ತವೆ. ಅನಂತರ ವಾಲ್ವುಗಳು ಎಚ್ಚರಗೊಳ್ಳುತ್ತವೆ.